ಗೇಟಿನ ಹತ್ತಿರ ಕೂತು ಓಪಿಡಿ ಅಳೆದದ್ದು

ಚಳ್ಳಕೆರೆ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ವೈದ್ಯಾಧಿಕಾರಿ. ಓಪಿಡಿ (ಹೊರರೋಗಿ ವಿಭಾಗ) ರಿಜಿಸ್ಟರ್ ನೋಡಿದರೆ ದಿನಕ್ಕೆ ಎಷ್ಟು ಜನ ಬಂದರು ಅಂತ ಗೊತ್ತಾಗುತ್ತದೆ. ಬಂದವರಿಗೆ ಸರಿಯಾದ ಚಿಕಿತ್ಸೆ ಸಿಕ್ಕಿತಾ ಅನ್ನುವುದು ಅದರಲ್ಲಿ ಎಲ್ಲಿಯೂ ಇರುವುದಿಲ್ಲ.

ಗುಣಮಟ್ಟ ನೋಡಬೇಕಾದರೆ ಮೂರು ಕಡೆ ನೋಡಿ ಅಂತ 1966ರಲ್ಲೇ ಆರೋಗ್ಯ ಸೇವೆಯ ಗುಣಮಟ್ಟವನ್ನು ಅಧ್ಯಯನ ಮಾಡಿದ ವೈದ್ಯ ಅವೆಡಿಸ್ ಡೊನಬೇಡಿಯನ್ ಹೇಳಿದ್ದರು: ಏನೇನು ಇದೆ, ಏನು ಮಾಡುತ್ತೀರಿ, ಕೊನೆಗೆ ಏನಾಯಿತು. ಕಟ್ಟಡ, ಕುರ್ಚಿ, ಫ್ರಿಜ್ ಎಣಿಸುವುದು ಸುಲಭ, ಅದನ್ನು ಎಲ್ಲರೂ ಎಣಿಸುತ್ತಾರೆ. ನಾನು ನಡುವಿನದ್ದನ್ನು ಹಿಡಿದೆ. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಕೊಟ್ಟ ಅಳತೆಗಳು ಇದಕ್ಕೆ ಚೆನ್ನಾಗಿ ಹೊಂದುತ್ತವೆ. ಒಂದು ಚೀಟಿಗೆ ಎಷ್ಟು ಔಷಧಿ, ಎಷ್ಟು ಜನಕ್ಕೆ ಆಂಟಿಬಯಾಟಿಕ್, ಎಷ್ಟು ಜನಕ್ಕೆ ಸೂಜಿ, ಮಾತ್ರೆ ಹೇಗೆ ತಗೋಬೇಕು ಅಂತ ರೋಗಿಗೆ ಗೊತ್ತಾ. ಚೀಟಿಗಳನ್ನು ವರ್ಷದ ಎಲ್ಲ ತಿಂಗಳಿಂದಲೂ ಆರಿಸಿದೆ. ಬರೀ ಮಳೆಗಾಲದ್ದು ತಗೊಂಡರೆ ಜ್ವರ, ಕೆಮ್ಮೇ ತುಂಬಿರುತ್ತದೆ.

ಕೊನೆಯ ಪ್ರಶ್ನೆಯೇ ನಿಜವಾದ ಪರೀಕ್ಷೆ. ಅದನ್ನು ನಾನು ಕೇಳಿದರೆ ಪ್ರಯೋಜನವಿಲ್ಲ. ಡಾಕ್ಟರ್ ಕೇಳಿದರೆ ಎಲ್ಲರೂ "ಗೊತ್ತು ಸಾರ್" ಅನ್ನುತ್ತಾರೆ. ಹಾಗಾಗಿ ಆಶಾ ಕಾರ್ಯಕರ್ತೆ ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಕೂತರು. ನಾನು ಪಕ್ಕದಲ್ಲಿ ಸುಮ್ನೆ ನಿಂತಿದ್ದೆ.

"ಅಜ್ಜಿ, ಮನೆಗೆ ಹೋಗಿ ಸೊಸೆಗೆ ಇದನ್ನ ಹೆಂಗೆ ಹೇಳ್ತೀರ?"

ಅಜ್ಜಿ ಸೆರಗಿನ ಗಂಟು ಬಿಚ್ಚಿ ಅಮ್ಲೋಡಿಪಿನ್ ತೋರಿಸಿದರು. "ಇದು ತಲೆ ತಿರುಗಿದ್ರೆ ಒಂದು. ತಿರುಗದಿದ್ರೆ ಯಾಕವ್ವ?"

ದಿನಾ ನುಂಗಬೇಕಾದ ಬಿಪಿ ಮಾತ್ರೆ ಅದು! ಕತ್ತರಿಸಿ ಕೊಟ್ಟ ಸ್ಟ್ರಿಪ್‌ನಲ್ಲಿ ಹೆಸರೂ ಇರಲಿಲ್ಲ, ಎಕ್ಸ್‌ಪೈರಿ ದಿನಾಂಕವೂ ಇರಲಿಲ್ಲ. ಅವೆರಡೂ ಉಳಿದ ತುಂಡಿನ ಜೊತೆ ಔಷಧಿ ಕೋಣೆಯಲ್ಲೇ ಇದ್ದವು.

ಇದನ್ನು ಸರಿಮಾಡಲು ದುಡ್ಡೇನೂ ಬೇಕಾಗಲಿಲ್ಲ. ಕಾಗದದ ಕವರ್ ಮೇಲೆ ಹುಟ್ಟುವ ಸೂರ್ಯ, ನೆತ್ತಿಯ ಸೂರ್ಯ, ಚಂದ್ರ. ಫಾರ್ಮಸಿಯವರು ಬೇಕಾದ್ದಕ್ಕೆ ಗುರುತು ಹಾಕಿ, "ಈಗ ನೀವು ನನಗೆ ಹೇಳಿ" ಅನ್ನುತ್ತಾರೆ. ತಪ್ಪು ಹೇಳಿದರೆ ಇನ್ನೊಮ್ಮೆ. ಸಾಲು ಸ್ವಲ್ಪ ನಿಧಾನವಾಯಿತು, ಹಿಂದಿದ್ದವರು ಗೊಣಗಿದರು. ಗೊಣಗಲಿ.

ಎರಡನೆಯದಾಗಿ ನೋಡಿದ್ದು ಬಿಪಿ ಅಳೆಯುವ ರೀತಿ. ನಮ್ಮ ರಿಜಿಸ್ಟರಿನಲ್ಲಿ 130/80, 140/90, ಪುಟ ತಿರುಗಿಸಿದರೆ ಮತ್ತೆ 130/80. ಪಾದರಸದ ಯಂತ್ರದಲ್ಲಿ 2 ಮಿ.ಮೀ.ಗೆ ಒಂದು ಗೆರೆ. ನೋಡಿದ್ದನ್ನೇ ಬರೆದರೆ ಕೊನೆಯ ಅಂಕಿಯಾಗಿ 0, 2, 4, 6, 8 ಐದೂ ಹೆಚ್ಚುಕಡಿಮೆ ಸಮವಾಗಿ ಬರಬೇಕು, ಅಂದರೆ ಸೊನ್ನೆ ಐದರಲ್ಲಿ ಒಂದು. ಎಲ್ಲವೂ ಸೊನ್ನೆ ಅಂದರೆ ಅಂದಾಜಿನಲ್ಲಿ ಬರೆದದ್ದು, ಅಲ್ವಾ? ನಿಮ್ಮ ಆಸ್ಪತ್ರೆಯ ಒಂದು ಪುಟ ತೆಗೆದು ನೋಡಿ, ಎರಡೇ ನಿಮಿಷದ ಕೆಲಸ.

ಸಿಬ್ಬಂದಿಯನ್ನು ಬೈದರೆ ಇದು ಸರಿಹೋಗುವುದಿಲ್ಲ. ಬಸ್ಸಿಳಿದು ಏದುಸಿರು ಬಿಡುತ್ತಾ ಬಂದವರನ್ನು ನಿಲ್ಲಿಸಿ, ಕೈ ಇಳಿಬಿಟ್ಟು ನೋಡಿದರೆ ಬಿಪಿ ಜಾಸ್ತಿಯೇ ತೋರಿಸುತ್ತದೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೂ ಅಷ್ಟೇ. ಹಾಗಾಗಿ ಬೆಂಚನ್ನು ಗೋಡೆಗೆ ಸರಿಸಿದೆವು, ಬೆನ್ನಿಗೆ ಆಸರೆಯಾಯಿತು. ಕೈ ಎದೆಯ ಮಟ್ಟಕ್ಕೆ ಬರಲು ಒಂದು ಮೇಜು. ಐದು ನಿಮಿಷ ಕೂತ ಮೇಲೆ, ಮಾತಾಡಿಸದೆ, ಎರಡು ಸಲ ನೋಡುವುದು. 136, 148, 152 ಅಂತ ಬರತೊಡಗಿದಾಗ ನನಗೆ ಸಮಾಧಾನವಾಯಿತು. 140/90ಕ್ಕಿಂತ ಕೆಳಗಿದೆಯಾ ಇಲ್ಲವಾ ಅನ್ನುವುದನ್ನು ಈಗ ನಂಬಬಹುದು.

ಸೂಜಿಯ ವಿಷಯದಲ್ಲಿ ಅಷ್ಟು ಗೆಲ್ಲಲಿಲ್ಲ. "ಒಂದು ಇಂಜೆಕ್ಷನ್ ಹಾಕಿ ಸಾರ್, ನಾಳೆ ಕೂಲಿಗೆ ಹೋಗ್ಬೇಕು" ಅಂದವರಿಗೆ ಮಾತ್ರೆ ಸಾಕು ಅಂತ ಹೇಳಿ ಒಪ್ಪಿಸಲು ಸಮಯ ಬೇಕು. ಸಂತೆಯ ದಿನ ಅಷ್ಟು ಸಮಯ ನನ್ನ ಹತ್ತಿರ ಇರುವುದಿಲ್ಲ. ಬಿಪಿ, ಶುಗರ್ ಇರುವವರಿಗೆ ಬೇರೆ ದಿನ ಬರಲು ಹೇಳಿ ಸಂತೆ ದಿನದ ಸಾಲನ್ನು ಕಡಿಮೆ ಮಾಡುತ್ತಿದ್ದೇವೆ. ಸೂಜಿಯ ಲೆಕ್ಕವನ್ನು ಮುಂದಿನ ಚೀಟಿಗಳಲ್ಲಿ ಮತ್ತೆ ನೋಡಬೇಕು.