ನಾರ್ವೇಜಿಯನ್‌ನ ಉದ್ದ ಪದ ಓದುವುದು ಹೇಗೆ?

ನಾರ್ವೇಜಿಯನ್ ಕಲಿಯಲು ಕೂತವರು ಅದರ ಉದ್ದುದ್ದ ಪದಗಳ ಮುಂದೆ ತಡವರಿಸುತ್ತಾರೆ. ಎರಡು ಮೂರು ಪದ ಸೇರಿದರೆ ಅಲ್ಲಿ ನಡುವೆ ಜಾಗ ಬಿಡದೆ ಬರೆಯುತ್ತಾರೆ. ಕನ್ನಡದವರು ಹೆದರಬೇಕಿಲ್ಲ. ಮಳೆಗಾಲ, ಹೆಬ್ಬಾಗಿಲು ಅಂತ ನಾವೂ ಸೇರಿಸಿಯೇ ಬರೆಯುತ್ತೇವೆ, ಅಲ್ವಾ?

ಮೊದಲು ಪದದ ಕೊನೆ ನೋಡಿ. ಮಳೆಗಾಲ ಎಂಬುದು ಒಂದು ಕಾಲ. ಅಲ್ಲೂ ಹಾಗೆಯೇ, ಮುಖ್ಯ ಪದ ಕೊನೆಗೆ ಬರುತ್ತದೆ. 'ಮೆಲ್ಕೆಶೊಕೊಲಾದೆ' ಅಂದರೆ ಹಾಲಿನ ಚಾಕೊಲೇಟ್. ತಿರುಗಿಸಿ 'ಶೊಕೊಲಾದೆಮೆಲ್ಕ್' ಅಂದರೆ ಚಾಕೊಲೇಟ್ ಹಾಕಿದ ಹಾಲು. ಲಿಂಗ, ಬಹುವಚನ ಎರಡೂ ಕೊನೆಯ ಪದದ್ದೇ. 'ಬಾರ್ನ್' (ಮಗು) ನಪುಂಸಕಲಿಂಗ, 'ಹಾಗೆ' (ತೋಟ) ಪುಲ್ಲಿಂಗ. ಸೇರಿದಾಗ ಆಗುವ 'ಬಾರ್ನೆಹಾಗೆ' (ಶಿಶುವಿಹಾರ) ಪುಲ್ಲಿಂಗ.

ಆಮೇಲೆ ಬೆಸುಗೆ ಹುಡುಕಿ. 'ಬಾರ್ನೆಹಾಗೆ'ಯ ನಡುವೆ ಬಂದ 'ಎ' ಬರೀ ಬೆಸುಗೆ, ಅದಕ್ಕೆ ಬೇರೆ ಅರ್ಥವಿಲ್ಲ. ಇನ್ನೊಂದು ಬೆಸುಗೆ 'ಸ್'. ವೈನ್ ಲೋಟ 'ವೀನ್‌ಗ್ಲಸ್'. ಕೆಂಪು ವೈನಿನ ಲೋಟವಾದರೆ 'ರೋವೀನ್ಸ್‌ಗ್ಲಸ್'. ಮೊದಲ ಭಾಗವೇ ಜೋಡಿಪದವಾಗಿದ್ದಾಗ ಈ 'ಸ್' ಬರುವುದು ಜಾಸ್ತಿ. ಹಾಗಾಗಿ ಪದವನ್ನು ಎಲ್ಲಿ ಮುರಿಯಬೇಕು ಎಂದು ಅದೇ ತೋರಿಸಿಕೊಡುತ್ತದೆ.

ಈಗ ಒತ್ತು. ನಮ್ಮ ಒತ್ತಕ್ಷರವಲ್ಲ, ದನಿಯ ಒತ್ತು. ಕನ್ನಡದಲ್ಲಿ ಒತ್ತು ಆಚೀಚೆಯಾದರೆ ಅರ್ಥ ಕೆಡುವುದಿಲ್ಲ. ಅದಕ್ಕೇ ನಮಗೆ ಇದು ಕಷ್ಟ, ಇಲ್ಲಿ ನಿಧಾನವಾಗಿ ಕಲಿಯಿರಿ. ಮುಖ್ಯ ಒತ್ತು ಸಾಮಾನ್ಯವಾಗಿ ಮೊದಲ ಪದಕ್ಕೆ. ಆ ಪದ ಒಂಟಿಯಾಗಿದ್ದಾಗ ಎಲ್ಲಿ ಒತ್ತುತ್ತೇವೋ ಜೋಡಿಯಲ್ಲೂ ಅಲ್ಲೇ ಒತ್ತಬೇಕು. 'ಮೆಲ್ಕೆಶೊಕೊಲಾದೆ'ಯಲ್ಲಿ 'ಮೆಲ್' ಗಟ್ಟಿ. 'ಶೊಕೊಲಾದೆಮೆಲ್ಕ್'ನಲ್ಲಿ 'ಲಾ' ಗಟ್ಟಿ, ಏಕೆಂದರೆ 'ಶೊಕೊಲಾದೆ'ಯ ಒತ್ತು ಇರುವುದೇ ಅಲ್ಲಿ. ಎರಡನೇ ಪದದ ದನಿ ತಗ್ಗುತ್ತದೆ, ಆದರೆ ಅದರ ದೀರ್ಘ ದೀರ್ಘವಾಗಿಯೇ ಉಳಿಯುತ್ತದೆ. ಅದನ್ನು ನುಂಗಬೇಡಿ.

'ಲಮ್ಮೆಲೋರ್' ಅಂತ 'ಲಮ್' ಮೇಲೆ ಒತ್ತಿ ಹೇಳಿದರೆ ಕುರಿಮರಿಯ ತೊಡೆ ಮಾಂಸ. ನಡುವೆ ಜಾಗ ಬಿಟ್ಟು, 'ಲೋರ್' ಅನ್ನೂ ಒತ್ತಿ 'ಲಮ್ಮೆ ಲೋರ್' ಅಂದರೆ ಲಕ್ವ ಹೊಡೆದ ತೊಡೆಗಳು! ಜೋಡಿಪದವನ್ನು ಬಿಡಿಸಿ ಬರೆಯುವ ತಪ್ಪನ್ನು ನಾರ್ವೆಯವರು ತಾವೂ ಮಾಡುತ್ತಾರೆ. ಅದಕ್ಕೊಂದು ಹೆಸರೂ ಇದೆ, 'ಓರ್ದೇಲಿಂಗ್ಸ್‌ಫೇಲ್'. ಪದ ಒಡೆಯುವ ತಪ್ಪು ಅಂತ ಅರ್ಥ. ಅದೂ 'ಸ್' ಬೆಸುಗೆಯ ಜೋಡಿಪದವೇ, ನೋಡಿ.

ಬರೆಯುವಾಗ ಇನ್ನೊಂದು ನೆನಪಿರಲಿ. ಒಂದೇ ವ್ಯಂಜನ ಮೂರು ಸಲ ಸಾಲಾಗಿ ಬಂದರೆ ಒಂದನ್ನು ಬಿಡುತ್ತಾರೆ. 'ನತ್ತ್' (ರಾತ್ರಿ) ಜೊತೆ 'ತೋಗ್' (ರೈಲು) ಸೇರಿದ ರಾತ್ರಿ ರೈಲು 'ನತ್ತೋಗ್' ಬರೆಯಲು ಎರಡೇ 'ತ್' ಸಾಕು.

ಕೊನೆಯದು ನಮಗೆ ಸಲೀಸು. ಆಸ್ಲೋ ಕಡೆಯ ಮಾತಿನಲ್ಲಿ 'ರ್' ಮುಂದೆ 'ನ' ಬಂದರೆ ಎರಡೂ ಸೇರಿ 'ಣ' ಆಗುತ್ತದೆ, 'ದ' ಬಂದರೆ 'ಡ' ಆಗುತ್ತದೆ. ಬರಹದ 'ಬಾರ್ನೆಹಾಗೆ' ಬಾಯಲ್ಲಿ 'ಬಾಣೆಹಾಗೆ'. 'ವಿಂತೆರ್' (ಚಳಿಗಾಲ) ಜೊತೆ 'ದಾಗ್' (ದಿನ) ಸೇರಿದರೆ 'ವಿಂತೆಡಾಗ್'. ಇಂಗ್ಲಿಷಿನವರು ಈ 'ಣ', 'ಡ'ಗಳಿಗೆ ನಾಲಿಗೆ ಮಡಿಸಲು ಒದ್ದಾಡುತ್ತಾರೆ. ನಮಗೆ ಅವು ಹುಟ್ಟಿನಿಂದ ಬಂದವು. ಬರ್ಗೆನ್‌ಗೆ ಹೋಗುವವರು ಮಾತ್ರ ಇದನ್ನು ಬಿಟ್ಟುಬಿಡಿ. ಅಲ್ಲಿ 'ರ್' ಗಂಟಲಿನಿಂದ ಬರುತ್ತದೆ, 'ನ' 'ನ'ವಾಗಿಯೇ ಇರುತ್ತದೆ.