ಡಿಸ್ಕ್ ಭಿಶಿ: ಒಂದು ಗೇಮ್‌ಗೆ ನೂರು ರೂಪಾಯಿ

ಟಿವಿಗೆ ಹಚ್ಚಿ ಆಡುವ ಪಿಎಸ್5ಗೆ (ಸೋನಿಯ ಪ್ಲೇಸ್ಟೇಷನ್ 5) ದೊಡ್ಡ ಕಂಪನಿಯ ಹೊಸ ಗೇಮ್ ಅಂದರೆ ನಮ್ಮಲ್ಲಿ ಸುಮಾರು ಐದು ಸಾವಿರ ರೂಪಾಯಿ. ಅಮೆರಿಕದಲ್ಲಿ 70 ಡಾಲರ್, ಅಂದರೆ ಆರು ಸಾವಿರದ ಆಸುಪಾಸು. "ನಿಮಗ ಅಗ್ಗ ಐತಿ ಬಿಡಪಾ" ಅಂತ ಟೆಕ್ಸಾಸ್‌ನಲ್ಲಿರುವ ಕಾಕಾನ ಮಗ ಫೋನ್ ಮಾಡಿದಾಗೆಲ್ಲ ಹೇಳುತ್ತಿದ್ದ. ನಾನು ಗಂಟೆ ಲೆಕ್ಕ ಹಾಕಿದೆ. ಅಲ್ಲಿ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಅಷ್ಟೇ ಇದೆ. ಆ ಕೂಲಿಯವನೂ ಹತ್ತು ಗಂಟೆ ದುಡಿದರೆ ಗೇಮ್ ಬಂತು. ನನಗೆ ಹುಬ್ಬಳ್ಳಿಯ ಮೊಬೈಲ್ ಅಂಗಡಿಯಲ್ಲಿ 18 ಸಾವಿರ ಸಂಬಳ, ದಿನಕ್ಕೆ ಹತ್ತು ಗಂಟೆ ನಿಲ್ಲಬೇಕು. ಗಂಟೆಗೆ 70 ರೂಪಾಯಿ ಬಿದ್ದರೆ ಜಾಸ್ತಿ. ಒಂದು ಗೇಮ್‌ಗೆ ವಾರದ ದುಡಿಮೆ! ಬಾಡಿಗೆ, ಗಾಡಿ ಕಂತು, ಅವ್ವನ ಗುಳಿಗೆ ಕಳೆದ ಮೇಲೆ ಆ ವಾರವನ್ನು ಎಲ್ಲಿಂದ ತರೋದು?

ಕಂಪ್ಯೂಟರ್‌ನಲ್ಲಿ ಆಡುವವರು ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ, ಅಗ್ಗಕ್ಕೆ ಸಿಗುತ್ತೆ ಅಂತ, ಅರ್ಜೆಂಟೀನಾ, ಟರ್ಕಿ ಕಡೆಗೆ ಅಕೌಂಟ್ ತಿರುಗಿಸುತ್ತಿದ್ದರು. 2023ರ ನವೆಂಬರ್‌ನಲ್ಲಿ ಆ ಎರಡೂ ಕಡೆ ಬೆಲೆ ಡಾಲರ್‌ಗೆ ಹೋಯಿತು, ಆಟ ಮುಗಿಯಿತು.

ಕಾಕಾನ ಮಗ ಊರಿಗೆ ಬರುವಾಗ ಸೇಲ್‌ನಲ್ಲಿ ಸಿಕ್ಕ, ಹಿಂದಿನ ಮಾದರಿ ಪಿಎಸ್4ರ ಡಿಸ್ಕ್ ತಂದಿದ್ದ. ಗೇಮ್ ಚೆನ್ನಾಗಿಯೇ ಓಡಿತು. ಆಮೇಲೆ ಅದರ ಡಿಎಲ್‌ಸಿಯನ್ನು, ಅಂದರೆ ಗೇಮ್‌ಗೆ ಸೇರಿಸುವ ಹೆಚ್ಚುವರಿ ಭಾಗವನ್ನು, ಇಲ್ಲಿನ ಆನ್‌ಲೈನ್ ಸ್ಟೋರ್‌ನಲ್ಲಿ ಕೊಂಡೆ, ಸಾವಿರದಷ್ಟು ಹೋಯಿತು. ಡಿಸ್ಕ್ ಯಾವ ರೀಜನ್ನೋ (ಯಾವ ದೇಶಗಳ ಮಾರಾಟಕ್ಕೆ ಅಂತ ಮಾಡಿದ್ದೋ) ಡಿಎಲ್‌ಸಿಯೂ ಅದೇ ರೀಜನ್ ಇರಬೇಕು. ಅಮೆರಿಕದ ಡಿಸ್ಕಿಗೆ ಇಲ್ಲಿಯದು ಕೂಡಲಿಲ್ಲ. ಈಗ ಕವರ್ ಮೇಲಿನ ರೀಜನ್ ನೋಡದೆ ನಾವು ದುಡ್ಡು ತೆಗೆಯಲ್ಲ.

ಭಿಶಿ, ಅಂದರೆ ನಮ್ಮ ಕಡೆಯ ಚೀಟಿ, ಶುರುವಾಗಿದ್ದು ಅದಾದ ಮೇಲೆ. ಐದು ಜನ, ತಿಂಗಳಿಗೆ ತಲಾ 300. ಬಂದ 1,500ರಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಡಿಸ್ಕ್. "ಹಳೆ ಡಿಸ್ಕಿಗೆ ಯಾರರ ಭಿಶಿ ಹಾಕ್ತಾರೇನ್ಲೇ?" ಅಂತ ಧಾರವಾಡದ ಗೆಳೆಯರು ನಕ್ಕರು. ಒಬ್ಬೊಬ್ಬರ ಹತ್ತಿರ ಹತ್ತು ಹನ್ನೆರಡು ದಿನ ಇದ್ದು, ಐದು ಮನೆ ಸುತ್ತಿದ ಮೇಲೆ ಮಾರೋದು. 1,500ಕ್ಕೆ ತಂದದ್ದು ಸಾವಿರ, ಸಾವಿರದ ನೂರಕ್ಕೆ ಹೋಗುತ್ತೆ. ಹೋದ ನಾನೂರು ಐನೂರೇ ಅದರ ನಿಜವಾದ ಬೆಲೆ. ಐದು ಜನಕ್ಕೆ ಹಂಚಿದರೆ ತಲೆಗೆ ನೂರು, ನನ್ನ ಒಂದೂವರೆ ಗಂಟೆ ದುಡಿಮೆ. ಕಾಕಾನ ಮಗನಿಗೆ ಈ ಲೆಕ್ಕ ಕಳಿಸಿದ ಮೇಲೆ ಅವನು ಅಗ್ಗದ ಮಾತು ಎತ್ತಿಲ್ಲ.

ಮೊದಲ ಸುತ್ತುಗಳಲ್ಲಿ ಪೆಟ್ಟು ಬಿತ್ತು. ಕ್ರಿಕೆಟ್, ಫುಟ್‌ಬಾಲ್ ಗೇಮ್ ಹಿಡಿಯಬೇಡಿ. ಮುಂದಿನದು ಬಂತು ಅಂದರೆ ಹಳೆಯದನ್ನು ಮುನ್ನೂರಕ್ಕೂ ಕೇಳಲ್ಲ. ಕಥೆ ಇರುವ, ಒಬ್ಬರೇ ಆಡುವ ಗೇಮ್‌ಗಳು ಬೆಲೆ ಹಿಡಿದುಕೊಳ್ಳುತ್ತವೆ. ಯಾವ ತಿಂಗಳು ಕೊಳ್ಳಬೇಕು, ನಮ್ಮ ಡಿಸ್ಕ್ ಎಲ್ಲಿಂದ ಬರುತ್ತೆ ಅನ್ನೋದನ್ನು ಮಾತ್ರ ಕೇಳಬೇಡಿ. ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಅಂತ ಇಟ್ಟುಕೊಳ್ಳಿ, ಸಾಕು.

ನಡುವೆ ಗೀರು ಬಿದ್ದ ಡಿಸ್ಕಿಗೆ ಟೂತ್‌ಪೇಸ್ಟ್ ಉಜ್ಜಿ ನೋಡಿದ್ವಿ. ಹಳೆ ಡಿವಿಡಿಗೆ ನಡೆಯುತ್ತಿತ್ತು ಅಲ್ವಾ? ಡಿವಿಡಿಯಲ್ಲಿ ಡೇಟಾ ಮೇಲ್ಮೈಯಿಂದ 0.6 ಮಿಲಿಮೀಟರ್ ಒಳಗಿರುತ್ತೆ. ನಮ್ಮ ಗೇಮ್ ಡಿಸ್ಕ್ ಬ್ಲೂರೇ, ಅದರಲ್ಲಿ 0.1 ಮಾತ್ರ, ಮೇಲೊಂದು ಗಟ್ಟಿ ಲೇಪ. ಉಜ್ಜಿದಷ್ಟೂ ಕೆಡುತ್ತೆ. ಇನ್ನೂರು ಕೊಟ್ಟು ತಂದ ಡಿಸ್ಕ್ ಆದ್ದರಿಂದ ಯಾರೂ ಅಳಲಿಲ್ಲ. ಕೊಳ್ಳುವಾಗ ಮೊಬೈಲ್ ಟಾರ್ಚ್ ಹಚ್ಚಿ ಓರೆಯಾಗಿ ಹಿಡಿದು ನೋಡಿ. ಅಂಚಿನ ಸಣ್ಣ ಗೆರೆ ನಡೆಯುತ್ತೆ, ದುಂಡಗೆ ಸುತ್ತಿದ ಗೆರೆ ಇದ್ದರೆ ಅಲ್ಲೇ ವಾಪಸ್.

ಡಿಸ್ಕ್ ಡ್ರೈವ್ ಇಲ್ಲದ ಡಿಜಿಟಲ್ ಎಡಿಷನ್‌ನವರಿಗೆ ಈ ದಾರಿ ಇಲ್ಲ. ಸ್ಟೋರ್‌ನಲ್ಲಿ ಕೊಂಡದ್ದನ್ನು ಮಾರೋಕಾಗಲ್ಲ. ಕನ್ಸೋಲ್ ಕೊಳ್ಳುವಾಗ ಹತ್ತು ಸಾವಿರ ಉಳಿಯಿತು ಅಂತ ಅವರು ಖುಷಿಪಟ್ಟಿದ್ದರು.

ಈಗ ನಾಲ್ಕೈದು ಡಿಸ್ಕ್ ಒಟ್ಟಿಗೆ ತಿರುಗುತ್ತಿವೆ, ವಂತಿಗೆ 300ರಿಂದ 100ಕ್ಕೆ ಇಳಿದಿದೆ. ದುಡ್ಡಿನ ತಕರಾರಿಲ್ಲ. ದೀಪಾವಳಿ ರಜೆಯಲ್ಲಿ ಯಾವ ಡಿಸ್ಕ್ ಯಾರ ಮನೆಯಲ್ಲಿರಬೇಕು ಅನ್ನೋದಕ್ಕೆ ಮಾತ್ರ ಜೋರು ಜಗಳ. ಅದಕ್ಕೂ ಚೀಟಿ ಎತ್ತುತ್ತೇವೆ.