ಪಿಸಿಸಿಯಿಂದ ಡಿಬಿಎಸ್‌ವರೆಗೆ: ಪೊಲೀಸ್ ಸರ್ಟಿಫಿಕೇಟ್ ಪಡೆದ ನನ್ನ ಅನುಭವ

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದ ನಾನು ಇಂಗ್ಲೆಂಡಿಗೆ ಹೊರಟಾಗ, ಇಂಗ್ಲಿಷ್ ಪರೀಕ್ಷೆಗಿಂತ ಜಾಸ್ತಿ ತಲೆ ತಿಂದಿದ್ದು ಪೊಲೀಸ್ ಸರ್ಟಿಫಿಕೇಟ್. ನನ್ನ ಮೇಲೆ ಯಾವ ಕೇಸೂ ಇಲ್ಲ. ಸ್ಟೇಷನ್ ಮೆಟ್ಟಿಲು ಹತ್ತಿದವಳೂ ಅಲ್ಲ. ಆದರೆ ಈ ಇಡೀ ವ್ಯವಹಾರದಲ್ಲಿ ನೀವು ಏನು ಮಾಡಿದ್ದೀರಿ ಅನ್ನುವುದಕ್ಕಿಂತ ಎಲ್ಲೆಲ್ಲಿ ಇದ್ದಿರಿ ಅನ್ನುವುದನ್ನೇ ಹೆಚ್ಚು ಕೇಳುತ್ತಾರೆ. ಹಾಸ್ಟೆಲ್, ಪಿಜಿ, ಬಾಡಿಗೆ ಮನೆ ಅಂತ ಸುತ್ತಿದ ನಮ್ಮಂಥವರಿಗೆ ಕಷ್ಟ ಇರುವುದೇ ಅಲ್ಲಿ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. ಇಲ್ಲೇ ಕಂಪನಿ ಕೆಲಸಕ್ಕೆ ಬೇಕಾದ ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟೇ ಬೇರೆ. ಅದಕ್ಕೆ ಸೇವಾ ಸಿಂಧು ಪೋರ್ಟಲ್‌ನಲ್ಲಿ ಕರ್ನಾಟಕ ಪೊಲೀಸರಿಗೆ ಅರ್ಜಿ ಹಾಕಬೇಕು. ವಿದೇಶದ ಕೆಲಸಕ್ಕೆ ಬೇಕಾಗುವುದು ಪಾಸ್‌ಪೋರ್ಟ್ ಕಚೇರಿ ಕೊಡುವ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅಂದರೆ ಪಿಸಿಸಿ. ಎರಡರ ಹೆಸರೂ ಒಂದೇ ಥರ ಕೇಳಿಸುವುದರಿಂದ ನಮ್ಮ ವಾರ್ಡಿನಲ್ಲೇ ಒಬ್ಬರು ಮೊದಲನೆಯದನ್ನು ತೆಗೆದುಕೊಂಡು ಬಂದು, ವೀಸಾಕ್ಕೆ ಅದು ನಡೆಯಲ್ಲ ಅಂತ ಗೊತ್ತಾಗಿ ಪೆಚ್ಚಾಗಿದ್ದರು.

ಬ್ರಿಟನ್ನಿನ ನಿಯಮ ಹೀಗಿದೆ. ಆಸ್ಪತ್ರೆ, ಶಾಲೆ, ವೃದ್ಧರ ಆರೈಕೆ ಇಂಥ ಕೆಲಸದ ವೀಸಾಕ್ಕೆ ಹಾಕುವವರು, 18 ತುಂಬಿದ ಮೇಲೆ ಕಳೆದ 10 ವರ್ಷಗಳಲ್ಲಿ ಒಟ್ಟು 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಇದ್ದ ಪ್ರತಿ ದೇಶದಿಂದಲೂ ಸರ್ಟಿಫಿಕೇಟ್ ಕೊಡಬೇಕು. ನನಗೆ ಭಾರತ ಒಂದೇ. ಗಲ್ಫ್‌ನಲ್ಲಿ ಎರಡು ವರ್ಷ ದುಡಿದು ಬಂದಿದ್ದ ಗೆಳತಿಗೆ ಅಲ್ಲಿಂದಲೂ ತರಿಸಬೇಕಾಯಿತು. ಇಲ್ಲಿ ಕೂತು ಬೆರಳಚ್ಚು ಕೊಡಿಸಿ, ಅದಕ್ಕೆ ಸೀಲು ಹಾಕಿಸಿ ಕಳಿಸುವಷ್ಟರಲ್ಲಿ ಅವಳಿಗೆ ಸಾಕುಸಾಕಾಯಿತು. ಗಲ್ಫ್‌ನಲ್ಲಿ ಇರುವವರು ದಯವಿಟ್ಟು ವಾಪಸ್ ಬರುವ ಮೊದಲೇ ಅಲ್ಲಿಯ ಪೊಲೀಸರ ಕೆಲಸ ಮುಗಿಸಿಕೊಳ್ಳಿ.

ಪಿಸಿಸಿ ಅರ್ಜಿ ಹಾಕುವುದು ಸುಲಭ. ಪಾಸ್‌ಪೋರ್ಟ್ ಸೇವಾ ವೆಬ್‌ಸೈಟ್‌ನಲ್ಲಿ ಲಾಗಿನ್ ಆಗಿ, ಫಾರಂ ತುಂಬಿ, 500 ರೂಪಾಯಿ ಕಟ್ಟಿ, ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವುದು. ಇಷ್ಟಕ್ಕೇ ಏಜೆಂಟ್ ಒಬ್ಬರು ಸಾವಿರಗಟ್ಟಲೆ ಕೇಳಿದ್ದರು. ಸುಮ್ನೆ ದಂಡ. ಯಾವ ದೇಶಕ್ಕೆ ಅಂತ ಆರಿಸುವಾಗ ಮಾತ್ರ ಹುಷಾರು, ಪಿಸಿಸಿ ಆ ಒಂದು ದೇಶಕ್ಕೇ ಸೀಮಿತ. ಟೂರಿಸ್ಟ್ ವೀಸಾಕ್ಕೆ ಇದನ್ನು ಕೊಡುವುದೇ ಇಲ್ಲ. 2022ರ ಸೆಪ್ಟೆಂಬರ್‌ನಿಂದ ಪೋಸ್ಟ್ ಆಫೀಸಿನ ಪಾಸ್‌ಪೋರ್ಟ್ ಕೇಂದ್ರಗಳಲ್ಲೂ ಪಿಸಿಸಿ ಅಪಾಯಿಂಟ್‌ಮೆಂಟ್ ಸಿಗುತ್ತದೆ. ದೂರದ ಊರಿನವರು ಬೆಂಗಳೂರಿನ ಬಸ್ ಹತ್ತುವ ಮೊದಲು ಹತ್ತಿರ ಯಾವುದಿದೆ ಅಂತ ನೋಡಿಕೊಳ್ಳಿ.

ನಾನು ಹೋಗಿದ್ದು ಲಾಲ್‌ಬಾಗ್ ಕೇಂದ್ರಕ್ಕೆ. ಎ ಕೌಂಟರಿನಲ್ಲಿ ಫೋಟೊ, ಬೆರಳಚ್ಚು, ಕಾಗದಪತ್ರದ ಸ್ಕ್ಯಾನ್. ಬಿ ಮತ್ತು ಸಿ ಕೌಂಟರುಗಳಲ್ಲಿ ಅಧಿಕಾರಿಗಳು ನೋಡುತ್ತಾರೆ. ನನ್ನ ಪಾಸ್‌ಪೋರ್ಟಿನಲ್ಲಿ ಇದ್ದಿದ್ದು ಹಾಸನ ಜಿಲ್ಲೆಯ ಅಪ್ಪನ ಮನೆ ವಿಳಾಸ, ನಾನು ಇದ್ದಿದ್ದು ಬೆಂಗಳೂರಿನ ಬಾಡಿಗೆ ಮನೆಯಲ್ಲಿ. ಬಾಡಿಗೆ ಕರಾರು ಮತ್ತು ಬ್ಯಾಂಕ್ ಪಾಸ್‌ಬುಕ್ ತೋರಿಸಿದೆ. ವಿಚಾರಣೆ ಎರಡೂ ಕಡೆ ಹೋಯಿತು.

ಬೆಂಗಳೂರಿನಲ್ಲಿ ಸ್ಟೇಷನ್‌ನಿಂದ ಫೋನ್ ಬಂತು. ಕಾನ್‌ಸ್ಟೇಬಲ್ ಮನೆಗೇ ಬಂದರು. ಕಾಗದಗಳನ್ನು ನೋಡುತ್ತಾ ಕೇಳಿದರು:

"ಈ ಮನೆಗೆ ಬಂದು ಎಷ್ಟು ದಿನ ಆಯ್ತಮ್ಮಾ?"

"ಎಂಟು ತಿಂಗಳು ಸರ್."

"ಅದಕ್ಕೂ ಮುಂಚೆ?"

"ಯಶವಂತಪುರದಲ್ಲಿ ಪಿಜಿ."

"ಅಲ್ಲಿಯ ಪ್ರೂಫ್ ಏನಿದೆ?"

ಪಿಜಿಯವರು ಕರಾರು ಎಲ್ಲಿ ಮಾಡಿಕೊಡುತ್ತಾರೆ? ಪುಣ್ಯಕ್ಕೆ ಆಗಿನ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಆ ವಿಳಾಸ ಇತ್ತು. ಆಮೇಲೆ ಆಧಾರ್ ಕೈಗೆತ್ತಿಕೊಂಡರು. ಅದರಲ್ಲಿ ನನ್ನ ಹೆಸರಿನ ಮುಂದೆ ಕೆ.ಎಸ್. ಅಂತ ಇನಿಶಿಯಲ್ ಮಾತ್ರ, ಪಾಸ್‌ಪೋರ್ಟಿನಲ್ಲಿ ಎರಡನ್ನೂ ಬಿಡಿಸಿ ಬರೆದಿದೆ. "ಕೆ ಅಂದ್ರೆ ಊರು, ಎಸ್ ಅಂದ್ರೆ ಅಪ್ಪ" ಅಂದೆ. ಅವರು ನಕ್ಕು, "ನಂದೂ ಹಂಗೇ" ಅಂದರು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು. ಅಕ್ಕಪಕ್ಕದ ಇಬ್ಬರ ಸಹಿ, ಅವರ ಆಧಾರ್ ಜೆರಾಕ್ಸ್, ನನ್ನ ಒಂದೆರಡು ಫೋಟೊ ತೆಗೆದುಕೊಂಡರು. ಪಕ್ಕದ ಮನೆ ಆಂಟಿಗೆ ಮೊದಲೇ ಹೇಳಿಟ್ಟಿದ್ದು ಒಳ್ಳೆಯದಾಯಿತು. ಪೊಲೀಸ್ ಬಂದು ಸಹಿ ಹಾಕಿ ಅಂದರೆ ಯಾರಿಗಾದರೂ ಗಾಬರಿ ಆಗುತ್ತದೆ, ಅಲ್ವಾ? ಊರಿನಲ್ಲಿ ಅಪ್ಪನೇ ಸ್ಟೇಷನ್‌ಗೆ ಹೋಗಿ ಮಾತಾಡಿ ಬಂದರು. ಅಲ್ಲಿ ಎಲ್ಲರೂ ಗೊತ್ತಿರುವವರೇ, ಬೇಗ ಆಯಿತು.

ಎರಡೂ ವರದಿ ಪಾಸ್‌ಪೋರ್ಟ್ ಕಚೇರಿ ಸೇರಿದ ಮೇಲೆ ಪಿಸಿಸಿ ಬಂತು. ಒಂದೇ ಹಾಳೆ. ಅದರಲ್ಲಿ ಇರುವುದು ಇಷ್ಟೇ: ಇಂಥ ನಂಬರಿನ ಪಾಸ್‌ಪೋರ್ಟ್ ಇರುವ ಇವರಿಗೆ ಈ ದೇಶದ ವೀಸಾ ಸಿಗದಂತೆ ಮಾಡುವ ಯಾವ ಪ್ರತಿಕೂಲ ಮಾಹಿತಿಯೂ ಇಲ್ಲ. ಬಂದ ತಕ್ಷಣ ಹೆಸರಿನ ಒಂದೊಂದು ಅಕ್ಷರ, ಪಾಸ್‌ಪೋರ್ಟ್ ನಂಬರ್, ಕೊಟ್ಟ ದಿನಾಂಕ ಎಲ್ಲ ಕೂತು ತಾಳೆ ನೋಡಿದೆ.

ಇಂಗ್ಲೆಂಡಿಗೆ ಬಂದಿಳಿದ ಮೇಲೆ ಮತ್ತೊಂದು ಸುತ್ತು. ಇದು ಡಿಬಿಎಸ್ (ಡಿಸ್‌ಕ್ಲೋಶರ್ ಅಂಡ್ ಬಾರಿಂಗ್ ಸರ್ವಿಸ್) ಚೆಕ್, ಅಂದರೆ ಕೆಲಸಕ್ಕೆ ಸೇರುವವರ ಮೇಲೆ ಇಲ್ಲಿ ಅಪರಾಧ ದಾಖಲೆ ಇದೆಯಾ ಅಂತ ನೋಡುವ ಸರ್ಕಾರಿ ತಪಾಸಣೆ. ಬೇಸಿಕ್, ಸ್ಟ್ಯಾಂಡರ್ಡ್, ಎನ್‌ಹ್ಯಾನ್ಸ್ಡ್ ಅಂತ ಹಂತಗಳಿವೆ. ಬೇಸಿಕ್ ಒಂದನ್ನು ಮಾತ್ರ ನಮ್ಮಷ್ಟಕ್ಕೆ ನಾವೇ ತೆಗೆದುಕೊಳ್ಳಬಹುದು. ನರ್ಸ್ ಕೆಲಸಕ್ಕೆ ಬೇಕಾಗುವ ಎನ್‌ಹ್ಯಾನ್ಸ್ಡ್ ಚೆಕ್ಕಿಗೆ ಆಸ್ಪತ್ರೆಯವರ ಮೂಲಕವೇ ಅರ್ಜಿ ಹೋಗಬೇಕು. ನಿನ್ನೆ ಮೊನ್ನೆ ವಿಮಾನ ಇಳಿದವಳ ಬಗ್ಗೆ ಇಲ್ಲಿಯ ಪೊಲೀಸ್ ದಾಖಲೆಯಲ್ಲಿ ಏನಿರುತ್ತದೆ? ಬೇರೆ ದೇಶದ ದಾಖಲೆ ಡಿಬಿಎಸ್‌ನಲ್ಲಿ ಸಿಗುವುದಿಲ್ಲ ಅಂತಲೇ ಆಸ್ಪತ್ರೆಯವರು ನನ್ನ ಪಿಸಿಸಿಯನ್ನೂ ಜೊತೆಗೆ ಇಟ್ಟುಕೊಂಡರು.

ಇಲ್ಲೂ ಶುರುವಾಗಿದ್ದು ವಿಳಾಸದಿಂದಲೇ. ಕಳೆದ 5 ವರ್ಷ ಎಲ್ಲೆಲ್ಲಿದ್ದೆ ಅಂತ ಒಂದು ದಿನವೂ ಬಿಟ್ಟುಹೋಗದಂತೆ ತುಂಬಬೇಕು. ಭಾರತದ ವಿಳಾಸಗಳೂ ಬೇಕು. ನಮ್ಮ ವಿಳಾಸವೋ, 'ಮೂರನೇ ಕ್ರಾಸ್, ಹಾಲಿನ ಬೂತ್ ಎದುರು, ಫಸ್ಟ್ ಫ್ಲೋರ್'. ಆ ಬೂತನ್ನು ಫಾರಂನ ಯಾವ ಬಾಕ್ಸಿಗೆ ತುರುಕುವುದು? ಹಳೆಯ ಕೊರಿಯರ್ ಕವರು, ಆನ್‌ಲೈನ್ ಆರ್ಡರಿನ ಹಿಸ್ಟರಿ ಎಲ್ಲ ಹುಡುಕಿ ಪಿನ್‌ಕೋಡ್, ತಿಂಗಳು ಹೊಂದಿಸಿದೆ. ಹೊರಡುವ ಮೊದಲೇ ಫೋನಿನಲ್ಲಿ ಒಂದು ಪಟ್ಟಿ ಮಾಡಿಟ್ಟುಕೊಂಡರೆ ಈ ಪರದಾಟ ಇರುವುದಿಲ್ಲ. ಎಲ್ಲಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಪಿನ್‌ಕೋಡ್, ಅಷ್ಟು ಸಾಕು.

ಡಿಬಿಎಸ್ ಸರ್ಟಿಫಿಕೇಟ್ ಅಂಚೆಯಲ್ಲಿ ನಮ್ಮ ಮನೆಗೇ ಬರುತ್ತದೆ. ಅಸಲು ಪ್ರತಿಯನ್ನು ನಾವೇ ಆಸ್ಪತ್ರೆಯಲ್ಲಿ ತೋರಿಸಬೇಕು. ಸರ್ಟಿಫಿಕೇಟ್ ಕೊಟ್ಟ ದಿನದಿಂದ 30 ದಿನದ ಒಳಗೆ ಅಪ್‌ಡೇಟ್ ಸರ್ವಿಸ್‌ಗೆ ಹೆಸರು ನೋಂದಾಯಿಸಿದರೆ, ಮುಂದೆ ಇಂಥದೇ ಕೆಲಸಕ್ಕೆ ಆಸ್ಪತ್ರೆ ಬದಲಿಸಿದಾಗ ಹೊಸಬರು ಆನ್‌ಲೈನ್‌ನಲ್ಲೇ ನೋಡಿಕೊಳ್ಳಬಹುದು. ಅದಕ್ಕೆ ವರ್ಷಕ್ಕೊಮ್ಮೆ ಸಣ್ಣ ಶುಲ್ಕ ಇದೆ. ಬ್ಯಾಂಕ್ ಶಿಫ್ಟ್, ಅಂದರೆ ಆಸ್ಪತ್ರೆಗಳಿಗೆ ಬೇಕಾದಾಗ ಹೋಗಿ ಮಾಡುವ ಬಿಡಿ ಶಿಫ್ಟ್, ಮಾಡುವ ಯೋಚನೆ ಇದ್ದವರು ಆ 30 ದಿನ ದಾಟಲು ಬಿಡಬೇಡಿ.